ಹೆಪ್ಪೋ, ಮುಸುರೆಯೋ

ಆ ಪ್ಲಾಟಿನಂ ತಗಡು ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಿತ್ತು. ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಬೆಳ್ಳಿಯ ಕುಂಕುಮ ಭರಣಿಯಲ್ಲಿ ಹತ್ತಿ ಹಾಸಿ, ಅದರ ಮೇಲೆ ತಗಡನ್ನು ಮಲಗಿಸಿ, ಭರಣಿಯನ್ನು ಕಾಲೇಜಿನ ಕಪಾಟಿನಲ್ಲಿಟ್ಟು, ಕಪಾಟಿನ ಕೀಲಿಯನ್ನು ಕೊರಳ ಸರಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದೆ. ತಗಡು ನಮ್ಮದಲ್ಲ, ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆ ಎರವಲು ಕೊಟ್ಟದ್ದು. ತಮಾಷೆಯೆಂದರೆ, ಪ್ಲಾಟಿನಂ ಬೇಡವೇ ಬೇಡ ಎಂದು ಸಾಧಿಸುವುದೇ ನಮ್ಮ ಕೆಲಸವಾಗಿತ್ತು. ಅದನ್ನು ಸಾಧಿಸಲು ಮೊದಲು ಒಂದು ಚೂರು ಪ್ಲಾಟಿನಂ ಬೇಕಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಂಧ್ರದ ಗಡಿಯೂರು ಆದೋನಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಪೆಟ್ರೋಲಿನ ಬೆಲೆ ಏರಿದ್ದರಿಂದ ಸರ್ಕಾರದ ವಿಜ್ಞಾನ ಇಲಾಖೆಗೆ ಹೊಸ ಬಗೆಯ ಬ್ಯಾಟರಿಗಳ ಮೇಲೆ ಪ್ರೀತಿ ಹುಟ್ಟಿತ್ತು. ಆ ಪ್ರೀತಿಯ ಒಂದು ಹನಿ ನಮ್ಮ ಕಾಲೇಜಿನ ಮೇಲೂ ಬಿತ್ತು. ನಾವು ಮಾಡಬೇಕಾದದ್ದು ಫ್ಯೂಯೆಲ್ ಸೆಲ್. ಅದರ ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಬರೀ ಗಾಳಿ, ನಡುವೆ ಪೊಟ್ಯಾಷಿನ ದ್ರಾವಣ. ಎರಡೂ ಬದಿಗೆ ಒಂದೊಂದು ತಟ್ಟೆ ನಿಲ್ಲಿಸಿದರೆ ತಂತಿಯಲ್ಲಿ ಕರೆಂಟು ಹರಿಯುತ್ತದೆ. ಆದರೆ ಬರೀ ತಟ್ಟೆ ಸೋಮಾರಿ. ಅದನ್ನು ಚುರುಕು ಮಾಡಲು ಮೇಲೊಂದು ವೇಗವರ್ಧಕ ಬಳಿಯಬೇಕು. ದೊಡ್ಡ ದೊಡ್ಡ ದೇಶಗಳವರು ಪ್ಲಾಟಿನಂ ಬಳಿಯುತ್ತಿದ್ದರು. ನಾವು ಶೇಂಗಾ ಸಿಪ್ಪೆಯ ಇದ್ದಿಲು ಬಳಿಯುತ್ತೇವೆ ಎಂದು ಅರ್ಜಿ ಹಾಕಿದ್ದೆವು.

ಹುಚ್ಚು ಧೈರ್ಯವೇನಲ್ಲ ಅದು. ಆದೋನಿಯಲ್ಲಿ ಶೇಂಗಾ ಸಿಪ್ಪೆಗೆ ಬರವಿಲ್ಲ. ಊರ ಹೊರಗಿನ ವನಸ್ಪತಿ ಮಿಲ್ಲಿನಲ್ಲಿ ಎಣ್ಣೆಯನ್ನು ಗಟ್ಟಿ ಮಾಡಲು ನೀರಿನಿಂದ ಹೈಡ್ರೋಜನ್ ತೆಗೆಯುತ್ತಿದ್ದರು. ಪೊಟ್ಯಾಷ್ ಅಲ್ಲೇ ಸಿಗುತ್ತಿತ್ತು. ಹೈಡ್ರೋಜನ್ ಬದಿಯ ತಟ್ಟೆಗೆ ಬೇಕಾದ ನಿಕ್ಕಲ್ ಪುಡಿಯೂ ಅವರ ಹತ್ತಿರವೇ ಇತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆಯುವುದು ಯಾಕೆ ಎಂಬುದು ನನ್ನ ವಾದ. ಕಷ್ಟವಿದ್ದದ್ದು ಗಾಳಿಯ ಬದಿಯ ತಟ್ಟೆಯಲ್ಲಿ.

ಯೋಜನೆಯಲ್ಲಿ ಒಂದು ಸಹಾಯಕ ಹುದ್ದೆಯಿತ್ತು. ಅದಕ್ಕೆ ಬಂದವರು ಹಾಲಹರವಿಯವರು. ಅವರಿಗೊಂದು ಹೆಸರಿದ್ದರೂ ಕಾಲೇಜಿನಲ್ಲೆಲ್ಲ ಊರ ಹೆಸರೇ ನಿಂತುಬಿಟ್ಟಿತು. ಕುರಿ ಸಾಕುವ ಮನೆತನದಲ್ಲಿ ಎಂ.ಎಸ್ಸಿ. ಓದಿದ ಮೊದಲಿಗರು. ಮದ್ದಿಕೇರದ ಹೈಸ್ಕೂಲಿನಲ್ಲಿ ಕಾಯಂ ಮೇಷ್ಟ್ರಾಗಿದ್ದರು. ಆ ಕೆಲಸ ಬಿಟ್ಟು, ಹೆಂಡತಿ ಮಗುವನ್ನು ಕರೆದುಕೊಂಡು ಬಂದು ಆದೋನಿಯಲ್ಲಿ ಬಾಡಿಗೆ ಮನೆ ಹಿಡಿದರು. ಇಲ್ಲಿ ಡಾಕ್ಟರೇಟ್ ಆಗುತ್ತದೆ, ಮುಂದೆ ಕಾಲೇಜಿನಲ್ಲಿ ಜಾಗ ಸಿಗುತ್ತದೆ ಎಂದು ಹೇಳಿ ಕೆಲಸ ಬಿಡಿಸಿದವಳು ನಾನೇ. ಯೋಜನೆ ನಡೆದಷ್ಟು ದಿನ ಮಾತ್ರ ಅವರಿಗೆ ಸಂಬಳ. ಮದ್ದಿಕೇರದ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು.

ನನ್ನನ್ನು ಅವರು ಮೇಡಂ ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಮೇಡಂ ಹೋಗಿ, ಹಳ್ಳಿಯ ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ "ಅಕ್ಕೋರ" ಬರುತ್ತಿತ್ತು. ಅದು ಬಂದರೆ ನಾನು ಎಚ್ಚರವಾಗುತ್ತಿದ್ದೆ.

ಕೆಲಸ ಹೀಗಿತ್ತು. ಸಿಪ್ಪೆಯನ್ನು ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು ಇದ್ದಿಲು ಮಾಡುವುದು. ಆಸಿಡ್ಡಿನಲ್ಲಿ ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಒಣಗಿಸುವುದು. ಅದರ ಮೇಲೆ ಕೂರಿಸಲು ಕೋಬಾಲ್ಟ್ ಇರುವ ಒಂದು ಕಡು ನೀಲಿ ಬಣ್ಣವನ್ನು ನಾವೇ ಬೇಯಿಸಿ ತಯಾರಿಸಬೇಕಿತ್ತು. ಅದಕ್ಕೆ ಯೂರಿಯಾ ಬೇಕು. ಗೊಬ್ಬರದ ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವನು, "ಎನ್ನಿ ಎಕರಾಲಮ್ಮಾ?" ಎಂದ. ಎಷ್ಟು ಎಕರೆಗೆ ಎಂದು ನಾನು ಏನು ಹೇಳಲಿ!

"ಎಕರೆ ಇಲ್ಲಪ್ಪ, ಅರ್ಧ ಕಿಲೋ ಕೊಡು ಸಾಕು."

"ತುಳಸಿ ಗಿಡಕ್ಕೇನಮ್ಮಾ? ಹಾಕಬ್ಯಾಡ್ರಿ, ಸುಟ್ಟು ಹೋಗ್ತೈತಿ," ಎಂದು ಬುದ್ಧಿ ಹೇಳಿ ಕೊಟ್ಟು ಕಳಿಸಿದ.

ನೀಲಿ ಬಣ್ಣವನ್ನು ಇದ್ದಿಲಿಗೆ ಹಿಡಿಸಿ, ಪಿಂಗಾಣಿಯ ಮೂಸೆಗೆ ಹಾಕಿ, ಗಾಳಿ ನುಗ್ಗದಂತೆ ಸುತ್ತ ಇದ್ದಿಲು ಪುಡಿ ತುಂಬಿ, ವಿದ್ಯುತ್ ಕುಲುಮೆಯಲ್ಲಿ ಕೆಂಪಗಾಗುವವರೆಗೆ ಕಾಯಿಸಬೇಕು. ಕೆಂಪಗಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಕಾಯಿಸಿದ ಕರಿ ಪುಡಿಗೆ ಹಾಲಿನಂತಿರುವ ಟೆಫ್ಲಾನ್ ಬೆರೆಸಿ, ಚಪಾತಿ ಹಿಟ್ಟಿನ ಹಾಗೆ ನಾದಿ, ನಿಕ್ಕಲ್ ಜಾಲರಿಯ ಮೇಲೆ ಲಟ್ಟಣಿಗೆಯಲ್ಲಿ ಲಟ್ಟಿಸಿದರೆ ಒಂದು ತಟ್ಟೆ. ಟೆಫ್ಲಾನ್ ಹೆಚ್ಚಾದರೆ ತಟ್ಟೆ ನೆನೆಯುವುದೇ ಇಲ್ಲ. ಕಡಿಮೆಯಾದರೆ ಪೊಟ್ಯಾಷ್ ಆಚೆ ಬದಿಗೆ ಬೆವರಿನಂತೆ ಇಳಿಯುತ್ತದೆ. ಜೊತೆಗೆ ಜಿನ್ನಿಂಗ್ ಮಿಲ್ಲುಗಳ ಹತ್ತಿಯ ಎಳೆ ಊರ ಗಾಳಿಯಲ್ಲೆಲ್ಲ ತೇಲುತ್ತ ಬಂದು ಹಸಿ ತಟ್ಟೆಗೆ ಅಂಟುತ್ತಿತ್ತು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಹತ್ತಿ. ಒಂದು ಇಡೀ ಬೇಸಿಗೆ ನಾವು ಲಟ್ಟಿಸಿದ ತಟ್ಟೆಗಳು ಒಂದೋ ಒಡೆದವು, ಇಲ್ಲವೇ ಬೆವರಿದವು.

ತಟ್ಟೆ ಎಷ್ಟು ಚುರುಕು ಎಂದು ಅಳೆಯುವಾಗ ಎದುರಿಗೆ ಇನ್ನೊಂದು ಲೋಹ ಇರಬೇಕು, ಕರೆಂಟು ಹೋಗಿ ಬರಲು. ಏನು ಮಾಡಿದರೂ ಕರಗದ, ಕದಲದ ಲೋಹವೆಂದು ಹೆಸರಾದದ್ದು ಪ್ಲಾಟಿನಂ. ಹಾಗಾಗಿಯೇ ಆ ಎರವಲು ತಗಡು. ದಿನಾ ಬೆಳಿಗ್ಗೆ ಭರಣಿಯಿಂದ ತೆಗೆದು ಪೊಟ್ಯಾಷಿನಲ್ಲಿ ಇಳಿಬಿಡುತ್ತಿದ್ದೆ, ಸಂಜೆ ತೊಳೆದು ಮತ್ತೆ ಭರಣಿಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಡೆಯದ, ಬೆವರದ ತಟ್ಟೆ ಮಾಡುವ ಕೈ ಹಾಲಹರವಿಯವರಿಗೆ ಕುದುರಿತು. ಹೊಸ ತಟ್ಟೆ ಮೊದಲ ದಿನ ಮಂಕಾಗಿರುತ್ತಿತ್ತು. ದಿನ ಕಳೆದಂತೆ ಚುರುಕಾಗುತ್ತ ಹೋಗುತ್ತಿತ್ತು. ದ್ರಾವಣದಲ್ಲಿ ನೆನೆದು ಹದಕ್ಕೆ ಬರುತ್ತಿದೆ ಎಂದುಕೊಂಡೆವು. ಆಮೇಲೆ ಇನ್ನೊಂದು ವಿಚಿತ್ರ ಕಂಡಿತು. ಹೊಸ ತಟ್ಟೆಯನ್ನು ಹೊಸ ಪೊಟ್ಯಾಷಿನಲ್ಲಿ ಇಟ್ಟರೆ ಏಳಲು ಬಹಳ ದಿನ ಬೇಕು. ಹಿಂದಿನ ತಟ್ಟೆಗೆ ಬಳಸಿದ ಹಳೇ ಪೊಟ್ಯಾಷಿನಲ್ಲಿ ಇಟ್ಟರೆ ಬೇಗ ಏಳುತ್ತದೆ.

"ಇದು ಮೊಸರಿನಂಗ ಐತ್ರಿ ಮೇಡಂ," ಎಂದರು ಹಾಲಹರವಿಯವರು. "ಹಳೇದು ಒಂದಿಷ್ಟು ಬಿಟ್ರ ಹೊಸದು ಲಗೂನ ಹೆಪ್ಪುಗಟ್ತೈತಿ. ನಮ್ಮಾಕಿ ಇದಕ್ಕ ತೋಡು ಅಂತಾಳ."

ಅವರ ಹೆಂಡತಿ ತೆಲುಗು ಮನೆಯವರು. ತೋಡು ಎಂದರೆ ತೆಲುಗಿನಲ್ಲಿ ಹಾಲಿಗೆ ಹಾಕುವ ಹೆಪ್ಪು. ಜೊತೆ, ಆಸರೆ ಎನ್ನುವುದಕ್ಕೂ ಅದೇ ಮಾತು. ಅಂದಿನಿಂದ ಆ ಹಳೇ ದ್ರಾವಣಕ್ಕೆ ನಾನು ಹೆಪ್ಪು ಎಂದೆ, ಅವರು ತೋಡು ಎಂದರು. ಒಂದು ಬಾಟಲಿಯಲ್ಲಿ ಅದನ್ನು ಜೋಪಾನವಾಗಿಟ್ಟು, ಪ್ರತಿ ಹೊಸ ತಟ್ಟೆಗೂ ಒಂದಿಷ್ಟು ಬೆರೆಸಿ, ಬಳಸಿದ್ದನ್ನು ಮತ್ತೆ ಬಾಟಲಿಗೆ ಸುರಿದು, ಮೊಸರಿನ ಮನೆಯವರು ಮಾಡುವಂತೆಯೇ ಮುಂದುವರಿಸಿದೆವು. ತಟ್ಟೆಯಿಂದ ಸ್ವಲ್ಪ ಕೋಬಾಲ್ಟ್ ಕರಗಿ ಸರಿಯಾದ ಜಾಗಕ್ಕೆ ಮರಳಿ ಕೂರುತ್ತಿದೆ ಎಂದು ನಾನು ಒಂದು ಸಿದ್ಧಾಂತವನ್ನೂ ಕಟ್ಟಿದೆ. ಚೆಂದದ ಸಿದ್ಧಾಂತ. ಬರೆದು ನೋಡಿದಾಗ ನನಗೇ ನನ್ನ ಮೇಲೆ ಗೌರವ ಬಂತು.

ನಮ್ಮ ವಿಭಾಗದ ಹೆಡ್ ಒಳ್ಳೆಯ ಮನುಷ್ಯ, ಉತ್ಸಾಹ ಸ್ವಲ್ಪ ಜಾಸ್ತಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಸಂಕ್ರಾಂತಿ ಕಳೆದ ಮೇಲೆ ಬರುವ ಸಮಿತಿಯ ಮುಂದೆ ಪ್ಲಾಟಿನಂ ಇಲ್ಲದ ಸೆಲ್ಲಿನಿಂದ ದೀಪ ಹೊತ್ತಿಸಿ ತೋರಿಸುತ್ತೇವೆ ಎಂದು ಇಲಾಖೆಗೆ ಬರೆದುಬಿಟ್ಟರು. ಯೋಜನೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವವರು ಆ ಸಮಿತಿಯವರೇ. ಅದು ಗೊತ್ತಾದ ಮರುದಿನ ಹಾಲಹರವಿಯವರು ತಮ್ಮ ಮನೆಯಿಂದ ಟಾರ್ಚಿನ ಬಲ್ಬುಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು.

ಒಂದು ಭಾನುವಾರ ಮನೆಯಲ್ಲಿ ಎಲ್ಲರಿಗೂ ಬಡಿಸುತ್ತಿದ್ದೆ. ನನ್ನ ಗಂಡ ಉಪ್ಪಿನಕಾಯಿ ಕೇಳಿದರು. ಅನ್ನ ಬಡಿಸುತ್ತಿದ್ದ ಕೈಯಲ್ಲೇ ನಾನು ಜಾಡಿಗೆ ಕೈ ಹಾಕಿದೆ. ನಮ್ಮ ಅತ್ತೆ ಕೂತಲ್ಲಿಂದಲೇ ಕೂಗಿದರು.

"ಮುಸುರಿ ಕೈಲೆ ಜಾಡಿ ಮುಟ್ಟಿದ್ಯಲ್ಲ! ವರ್ಷದ ಉಪ್ಪಿನಕಾಯಿ ಅದು!"

"ಕೈಗೆ ಒಂದು ಅಗಳೂ ಹತ್ತಿಲ್ಲ ಅತ್ತೆ. ನೋಡ್ರಿ, ಏನರ ಕಾಣಸ್ತದೇನು?"

"ಕಾಣಿಸಿದ್ರ ತಗದು ಹಾಕತಿದ್ದೆ. ಕಾಣಿಸೂದಿಲ್ಲ ಅಂತೇ ಅದಕ್ಕ ಮುಸುರಿ ಅನ್ನೂದು."

ನನಗೆ ಮೈಯೆಲ್ಲ ಉರಿಯಿತು. ಎಂ.ಎಸ್ಸಿ. ಮಾಡಿ, ಊರ ಮಕ್ಕಳಿಗೆಲ್ಲ ಅಣು ಪರಮಾಣು ಹೇಳಿಕೊಡುವ ನಾನು ಮನೆಯಲ್ಲಿ ಒಂದು ಜಾಡಿ ಮುಟ್ಟುವ ಹಾಗಿಲ್ಲ. ಅವತ್ತು ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ಎತ್ತಿಟ್ಟೆ. ಅತ್ತೆಗೆ ಅದೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಭರಣಿ ತೆರೆದು ತಗಡನ್ನು ಚಿಮಟದಲ್ಲಿ ಎತ್ತಿದೆ. ಒಂದು ಪಾತ್ರೆಯ ತಟ್ಟೆಯನ್ನು ಅಳೆದು, ತಗಡನ್ನು ತೊಳೆದು, ಇನ್ನೊಂದು ಪಾತ್ರೆಗೆ ಇಳಿಸಿದೆ. ಇಳಿಸಿದ ಕೈ ಅಲ್ಲಿಯೇ ನಿಂತಿತು. ಅನ್ನಕ್ಕೂ ಅದೇ ಕೈ, ಜಾಡಿಗೂ ಅದೇ ಕೈ. ಮೊದಲ ತಟ್ಟೆಯಿಂದ ಇಂದಿನವರೆಗೆ ಎಲ್ಲ ಪಾತ್ರೆಗಳಿಗೂ ಇಳಿದು ಎದ್ದದ್ದು ಒಂದೇ ಒಂದು, ಈ ತಗಡು. ಹೆಪ್ಪಿನ ಬಾಟಲಿಯಲ್ಲಿ ತಿಂಗಳುಗಟ್ಟಲೆ ಕೂಡುತ್ತ ಬಂದದ್ದು ಏನು?

ಪ್ಲಾಟಿನಂ ಕರಗುವುದಿಲ್ಲ ಎಂದು ನಾನೇ ಪಾಠ ಮಾಡುತ್ತಿದ್ದೆ. ಆದರೆ ದಿನವಿಡೀ ಕರೆಂಟು ಹರಿಸಿದರೆ? ಕಣ್ಣಿಗೆ ಕಾಣದಷ್ಟು ಕರಗಿ, ಎದುರಿನ ತಟ್ಟೆಯ ಮೇಲೆ ಹೋಗಿ ಕೂತರೆ? ಕೆಲಸಕ್ಕೆ ಅಷ್ಟೇ ಸಾಕು. ಇದನ್ನು ತಿಳಿಯುವ ದಾರಿ ಸುಲಭವಿತ್ತು. ಕೋಬಾಲ್ಟೇ ಇಲ್ಲದ, ಬರೀ ಇದ್ದಿಲಿನ ಒಂದು ತಟ್ಟೆ ಲಟ್ಟಿಸಿ ಹಳೇ ದ್ರಾವಣದಲ್ಲಿ ಇಡುವುದು. ಕೋಬಾಲ್ಟಿನ ಕೈಚಳಕವಾಗಿದ್ದರೆ ಅದು ಮಂಕಾಗಿಯೇ ಇರಬೇಕು.

ಹಾಲಹರವಿಯವರಿಗೆ ಕಾರಣ ಹೇಳದೆ, "ಹೋಲಿಸಿ ನೋಡ್ಲಿಕ್ಕೆ ಒಂದು ಬರೀ ಇದ್ದಿಲಿಂದು ಇರಲಿ," ಎಂದಷ್ಟೇ ಹೇಳಿ ಇಟ್ಟೆ. ಮೊದಲ ದಿನ ಮೀಟರಿನ ಮುಳ್ಳು ಅಷ್ಟಾಗಿ ಕದಲಲಿಲ್ಲ. ಮನೆಗೆ ಹೋಗುವಾಗ ಸ್ವಲ್ಪ ಹಗುರವಾದೆ. ಎರಡನೆಯ ದಿನ ಅದು ಎದ್ದಿತು. ವಾರ ಮುಗಿಯುವುದರೊಳಗೆ ಬರೀ ಇದ್ದಿಲು ನಮ್ಮ ಹೆಮ್ಮೆಯ ಕೋಬಾಲ್ಟ್ ತಟ್ಟೆಯ ಪಕ್ಕಕ್ಕೆ ಬಂದು ನಿಂತಿತು. ಭೌತಶಾಸ್ತ್ರದವರ ಸೂಕ್ಷ್ಮ ತಕ್ಕಡಿಯಲ್ಲಿ ತಗಡನ್ನು ತೂಗಿದೆ. ತಂದ ದಿನ ತೂಗಿದ್ದಕ್ಕಿಂತ ಕಡಿಮೆಯಿತ್ತು. ಸಾಸಿವೆಯ ಸಿಪ್ಪೆಯಷ್ಟೂ ಇರಲಿಕ್ಕಿಲ್ಲ, ಆದರೂ ಕಡಿಮೆ ಕಡಿಮೆಯೇ.

ನಾವು ಪ್ಲಾಟಿನಂ ಇಲ್ಲದ ತಟ್ಟೆ ಮಾಡಿರಲಿಲ್ಲ. ಪ್ಲಾಟಿನಂ ಬಳಿಯುವ ಒಂದು ನಿಧಾನದ ವಿಧಾನ ಕಂಡುಹಿಡಿದಿದ್ದೆವು.

ಹಾಲಹರವಿಯವರನ್ನು ಕೂರಿಸಿಕೊಂಡು ಹೇಳಿದೆ. ಅವರು ಮುಳ್ಳನ್ನು ನೋಡಿದರು, ಬರೀ ಇದ್ದಿಲಿನ ತಟ್ಟೆ ನೋಡಿದರು.

"ತೋಡು ಅಲ್ಲ, ಇದು ಮುಸುರಿ ಅಂತೀರಿ."

"ಹೌದ್ರಿ."

"ಸಮಿತಿಯವ್ರಿಗೆ ಇದು ಗೊತ್ತಾಕ್ಕೈತೇನ್ರಿ?"

"ನಾವು ಹೇಳದಿದ್ರ ಗೊತ್ತಾಗೂದಿಲ್ಲ."

"ಮತ್ತ?"

ನಾನು ತಗಡನ್ನು ಒರೆಸುತ್ತ ಕೂತೆ. ಅವರ ಮುಖ ಕೆಂಪಗಾಯಿತು. "ನಿಮಗೇನ್ರಿ ಅಕ್ಕೋರ, ನಿಮ್ಮ ನೌಕ್ರಿ ಕಾಯಂ ಐತಿ. ಯೋಜನೆ ಹೋದ್ರ ನೀವು ಪಾಠ ಹೇಳ್ಕೋತ ಇರ್ತೀರಿ. ನಾ ಏನು ಮಾಡ್ಲಿ? ಊರಿಗೆ ಹೋಗಿ ಕುರಿ ಹಿಂದ ನಡೀಲೇನು? ಎಂ.ಎಸ್ಸಿ. ಮಾಡಿ ಕುರಿ ಕಾಯಾಕ ಬಂದಾನ ಅಂತ ಮಂದಿ ನಗ್ತಾರ. ಕುರಿ ಕಾಯೋದು ನಾಚಿಕಿ ಅಲ್ರಿ, ನಮ್ಮಪ್ಪ ಕಾದಾನ. ಹೋಗಿ ಹೊಳ್ಳಿ ಬರೋದು ನಾಚಿಕಿ."

ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅವರು ಚೀಲ ತೆಗೆದುಕೊಂಡು ಹಾಲಹರವಿಯ ಬಸ್ಸು ಹತ್ತಿದರು. ನನಗೆ ಅಳು ಬಂತು. ಹೊರಗೆ ಹುಡುಗರಿದ್ದರೆಂದು ಕುಲುಮೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡೆ.

ಹೆಡ್ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. "ಚೂಡಮ್ಮಾ," ನೋಡಮ್ಮಾ ಎಂದು ತೆಲುಗಿನಲ್ಲಿ ಶುರುಮಾಡಿ, "ತಟ್ಟೆಯ ಮೇಲೆ ಕೂತದ್ದು ಏನು ಅಂತ ಯಾರ ಕಣ್ಣಿಗೂ ಕಾಣೋದಿಲ್ಲ. ದೀಪ ಹತ್ತುತ್ತದಲ್ಲ. ಈ ಸಲ ಹತ್ತಿಸಿಬಿಡೋಣ. ಯೋಜನೆ ಉಳಿದರೆ ಮುಂದಿನ ವರ್ಷ ನಿಧಾನವಾಗಿ ಸರಿಮಾಡಿಕೊಳ್ಳೋಣ," ಎಂದರು. ಕೆಟ್ಟದ್ದು ಮಾಡುವವರ ದನಿ ಅದಲ್ಲ. ಹಾಲಹರವಿಯವರ ಮಗುವಿಗೆ ಹಬ್ಬಕ್ಕೆ ಅಂಗಿ ಕೊಡಿಸಿದವರು ಅವರು. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಮನೆಯಲ್ಲಿ ಊಟ ಸೇರಲಿಲ್ಲ. ಏನಾಯಿತೆಂದು ಅತ್ತೆ ಕೇಳಿದರು. ಅವರಿಗೆ ಫ್ಯೂಯೆಲ್ ಸೆಲ್ ತಿಳಿಸುವುದು ಹೇಗೆ? "ನಮ್ಮ ಪ್ರಯೋಗದ ಪಾತ್ರೆಗಳೆಲ್ಲ ಮುಸುರಿ ಆಗ್ಯಾವ," ಎಂದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಅದಕ್ಕ ಊಟ ಬಿಡ್ತಾರೇನು? ಮುಸುರಿ ಏನು ಪಾಪ ಅಲ್ಲ, ತೊಳದ್ರ ಹೋಗ್ತದ. ಮುಸುರಿ ಆದದ್ದನ್ನ ಮಡಿ ಅಂತ ಬಡಿಸಿದ್ರ ಅದು ಪಾಪ. ಏಳು, ಉಣ್ಣು."

ಅವರು ಉಪ್ಪಿನಕಾಯಿಯ ಬಗ್ಗೆಯೇ ಹೇಳಿದ್ದಿರಬೇಕು. ಉಂಡೆ. ತೀರ್ಮಾನವೂ ಆಯಿತು.

ಮರುದಿನ ಬೆಳಿಗ್ಗೆಯೇ ಹೆಪ್ಪಿನ ಬಾಟಲಿಗೆ ಬಿರಡೆ ಬಿಗಿದು ಕಪಾಟಿಗಿಟ್ಟೆ, ಭರಣಿಯನ್ನೂ ಇಟ್ಟು ಕೀಲಿ ಹಾಕಿದೆ. ಪಾತ್ರೆಗಳನ್ನು ಆಸಿಡ್ಡಿನಲ್ಲಿ ನೆನೆಹಾಕಿ ತೊಳೆಯುವುದರಲ್ಲಿದ್ದಾಗ ಹಾಲಹರವಿಯವರು ಬಾಗಿಲಲ್ಲಿ ಬಂದು ನಿಂತರು. ಮೊದಲ ಬಸ್ಸಿಗೇ ಬಂದಿದ್ದರು. ನಾನು ತೊಳೆಯುತ್ತಿರುವುದನ್ನು ನೋಡಿ, ಚೀಲ ಕೆಳಗಿಟ್ಟು, ತೋಳು ಮಡಚಿಕೊಂಡು ಪಕ್ಕದಲ್ಲಿ ತೊಳೆಯತೊಡಗಿದರು.

"ಉರುಕುಂದಿ ಈರಣ್ಣನ ಆಣಿ ಮಾಡಿ ಹೇಳ್ತೀನ್ರಿ ಮೇಡಂ, ಸುಳ್ಳು ಹೇಳಿ ಡಾಕ್ಟರ್ ಅನ್ನಿಸ್ಕೊಳ್ಳೋ ಆಸಿ ನನಗಿಲ್ಲ. ನಿನ್ನಿ ಸಿಟ್ಟಿತ್ತು, ಅಂದೆ."

"ಅನ್ನಬೇಕಾದ್ದೇ ಅಂದೀರಿ."

ಎದುರಿಗೆ ಪ್ಲಾಟಿನಂ ಬದಲು ಒಂದು ನಿಕ್ಕಲ್ ಜಾಲರಿ ಇಳಿಬಿಟ್ಟು, ಹೊಸ ಪೊಟ್ಯಾಷ್ ಕಲಸಿ, ಹೊಸ ತಟ್ಟೆಗಳನ್ನು ಇಟ್ಟೆವು. ಒಂದು ಕೋಬಾಲ್ಟಿನದು, ಒಂದು ಬರೀ ಇದ್ದಿಲಿನದು. ಈ ಸಲ ದಿನಗಳೆದಂತೆ ಏಳುವ ಮಾಯೆ ಇಲ್ಲ. ಆದರೆ ಮೊದಲ ದಿನವೂ, ವಾರ ಕಳೆದ ಮೇಲೂ ಕೋಬಾಲ್ಟಿನದು ಬರೀ ಇದ್ದಿಲಿಗಿಂತ ಮೇಲೆಯೇ ನಿಂತಿತ್ತು. ಬಹಳ ಮೇಲಲ್ಲ. ಹಳೇ ತಟ್ಟೆಗಳ ಗತ್ತಿನ ಮುಂದೆ ಬಡಪಾಯಿ. ಆದರೆ ಆ ವ್ಯತ್ಯಾಸ ನಮ್ಮದು, ಯಾರಿಂದಲೂ ಎರವಲು ತಂದದ್ದಲ್ಲ. ಅದನ್ನು ಕಂಡು ನನಗೆ ಆದ ಸಂತೋಷ ಹಳೇ ತಟ್ಟೆಗಳು ಎದ್ದಾಗಲೂ ಆಗಿರಲಿಲ್ಲ.

ಆ ತಟ್ಟೆಯಿಂದ ಒಂದು ಸೆಲ್ಲು ಕಟ್ಟಿ ಟಾರ್ಚಿನ ಬಲ್ಬಿಗೆ ಹಚ್ಚಿ ನೋಡಿದೆವು. ತಂತಿ ಕೆಂಪಗೂ ಆಗಲಿಲ್ಲ. ಹತ್ತಿರದಿಂದ, ಕೈ ಮರೆಮಾಡಿ, ಕಣ್ಣು ಕಿರಿದು ಮಾಡಿ ನೋಡಿದರೂ ಏನೂ ಇಲ್ಲ. ಸಮಿತಿ ಬರುವ ದಿನ ಹತ್ತಿರವಾಗಿತ್ತು. ತಟ್ಟೆ ದೊಡ್ಡದು ಮಾಡೋಣವೆಂದು ನಾನು, ಒಡೆಯುತ್ತದೆಂದು ಅವರು.

"ದೀಪ ಬಿಡ್ರಿ ಮೇಡಂ," ಎಂದರು ಕೊನೆಗೆ. "ಕುರಿ ಕಾಯೋ ನಾಯಿಗೆ ಬಂಡಿ ಎಳಿ ಅಂದ್ರ ಎಳೀತೈತೇನ್ರಿ? ಹಂಗಂತ ಅದು ಕೆಲಸಕ್ಕ ಬಾರದ ನಾಯಿ ಅಲ್ಲ. ಇದರ ತಾಕತ್ತಿಗೆ ತಕ್ಕ ಕೆಲಸ ಯಾವ್ದೈತಿ, ಅದನ್ನ ಹುಡುಕಬೇಕು."

ಹುಡುಕಬೇಕಾಗಲಿಲ್ಲ. ಹೆಡ್ ಕೋಣೆಯ ಗೋಡೆಯ ಮೇಲೆ ಹೊಸದಾಗಿ ಬಂದಿದ್ದ ಬ್ಯಾಟರಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಒಂದೇ ಒಂದು ಟಾರ್ಚ್ ಸೆಲ್ಲಿನಲ್ಲಿ ಅದು ವರ್ಷ ಓಡುತ್ತದೆ, ಅಂದರೆ ಕುಡಿಯುವುದು ಹನಿಯಷ್ಟು ಕರೆಂಟು. ನಾವು ಕೇಳಿದಾಗ ಹೆಡ್ ಗಡಿಯಾರವನ್ನೂ ನಮ್ಮನ್ನೂ ಒಮ್ಮೆ ನೋಡಿದರು. "ದೀಪ ಅಂತ ಬರೆದಿದ್ದೇನಲ್ಲಮ್ಮಾ," ಎಂದರು. "ಬರೆದದ್ದು ತಪ್ಪಾಗಿದೆ ಅಂತ ನಾನೇ ಹೇಳ್ತೇನೆ ಸಾರ್," ಎಂದೆ. ಅವರು ಕುರ್ಚಿಯ ಮೇಲೆ ಹತ್ತಿ ತಾವೇ ಅದನ್ನು ಇಳಿಸಿಕೊಟ್ಟರು.

ಎರಡು ಸೆಲ್ಲು ಜೋಡಿಸಿದೆವು. ಒಂದು ಬದಿಗೆ ಮಿಲ್ಲಿನ ನಿಕ್ಕಲ್ ಪುಡಿಯ ತಟ್ಟೆ, ಇನ್ನೊಂದು ಬದಿಗೆ ನಮ್ಮ ಇದ್ದಿಲು. ಹೈಡ್ರೋಜನ್ ತರಲು ಸಿಲಿಂಡರ್ ಇರಲಿಲ್ಲ. ಹಾಲಹರವಿಯವರು ಫುಟ್‌ಬಾಲ್ ಬ್ಲ್ಯಾಡರಿಗೆ ಮಿಲ್ಲಿನಲ್ಲಿ ತುಂಬಿಸಿಕೊಂಡು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದರು. ಸೈಕಲ್ಲಿನ ಮೇಲೆ ಅದು ಗಾಳಿಗೆ ತೂಗಾಡುವುದನ್ನು ನೋಡಿ ಬಜಾರಿನವರು, "ಸಾರ್, ಮ್ಯಾಚ್ ಎಲ್ಲೈತ್ರಿ?" ಎಂದು ಕೇಳುತ್ತಿದ್ದರಂತೆ. 'ಹತ್ರ ಬೀಡಿ ಹಚ್ಚಬ್ಯಾಡ್ರಪ್ಪೋ' ಎನ್ನುತ್ತಲೇ ಇವರು ದಾಟಿಕೊಂಡು ಬರುತ್ತಿದ್ದರು. ಬ್ಲ್ಯಾಡರಿನ ಮೇಲೆ ಒಂದು ಇಟ್ಟಿಗೆ ಹೇರಿದರೆ ಹೈಡ್ರೋಜನ್ ಸಣ್ಣಗೆ ಸೆಲ್ಲಿನೊಳಗೆ ಹೋಗುತ್ತಿತ್ತು. ತಂತಿ ಸಿಕ್ಕಿಸಿದೆವು. ಗಡಿಯಾರದ ಮುಳ್ಳು ಒಮ್ಮೆ ನಡುಗಿ ನಿಂತಿತು. ಹಾಲಹರವಿಯವರು ಇಟ್ಟಿಗೆಯನ್ನು ಸರಿಯಾಗಿ ಕೂರಿಸಿದರು. ಮುಳ್ಳು ಮತ್ತೆ ನಡುಗಿ ನಡೆಯತೊಡಗಿತು.

ಸಮಿತಿ ಬಂದ ದಿನದವರೆಗೂ ಅದು ನಿಲ್ಲಲಿಲ್ಲ. ಸಮಿತಿಯ ಹಿರಿಯರು ತಗಡು ಎರವಲು ಕೊಟ್ಟ ಸಂಸ್ಥೆಯವರೇ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕೋಣೆಗೆ ಬಂದವರೇ, "ದೀಪ ಎಲ್ಲಿದೆ?" ಎಂದು ತೆಲುಗಿನಲ್ಲಿ ಕೇಳಿದರು.

ನಾನು ದೀಪ ಇಲ್ಲ ಎಂದೆ. ಯಾಕಿಲ್ಲ ಎಂದು ಮೊದಲಿಂದ ಹೇಳಿದೆ. ಹೆಪ್ಪು, ನನ್ನ ಚೆಂದದ ಸಿದ್ಧಾಂತ, ಬರೀ ಇದ್ದಿಲಿನ ತಟ್ಟೆ, ತಕ್ಕಡಿ. ಹೆಡ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಸಮಿತಿಯ ಇನ್ನೊಬ್ಬರು, "ಹಾಗಾದರೆ ಇಷ್ಟು ದಿನ ನೀವು ಮಾಡಿದ್ದೇನು?" ಎಂದರು.

ಹಾಲಹರವಿಯವರು ಮುಂದೆ ಬಂದರು. "ಅದ್ರಿ," ಎಂದು ಗಡಿಯಾರ ತೋರಿಸಿದರು. "ಅದರಾಗ ಪ್ಲಾಟಿನಂ ಇಲ್ರಿ. ಎದುರಿಗೂ ಇಲ್ಲ, ನೀರಾಗೂ ಇಲ್ಲ. ತಾಕತ್ತು ಕಡಿಮಿ ಐತಿ, ಖರೆ. ಆದ್ರ ಐತಿ."

ಹಿರಿಯರು ಗಡಿಯಾರದ ಹತ್ತಿರ ಹೋಗಿ ಕಿವಿಯಿಟ್ಟು ಕೇಳಿದರು. ಕೈಗಡಿಯಾರಕ್ಕೆ ಹೋಲಿಸಿದರು. ಬಗ್ಗಿ ಬ್ಲ್ಯಾಡರ್ ನೋಡಿದರು, ಇಟ್ಟಿಗೆ ನೋಡಿದರು. "ನಮ್ಮ ತಗಡು ಎಲ್ಲಿ?" ಎಂದರು. ನಾನು ಸರದಿಂದ ಕೀಲಿ ತೆಗೆದು, ಕಪಾಟು ತೆರೆದು, ಭರಣಿಯಿಂದ ತಗಡನ್ನು ಅವರ ಅಂಗೈಗೆ ಹಾಕಿದೆ. ಹೆಪ್ಪಿನ ಬಾಟಲಿಯನ್ನೂ ಪಕ್ಕಕ್ಕೆ ಇಟ್ಟೆ.

"ಇಷ್ಟು ತಗಡಿನಲ್ಲಿದೆ ಸಾರ್. ಉಳಿದದ್ದು ಈ ಬಾಟಲಿಯಲ್ಲೂ ಹಳೇ ತಟ್ಟೆಗಳ ಮೇಲೂ ಇದೆ."

ಅವರು ಮೊದಲ ಸಲ ನಕ್ಕರು. ನಕ್ಕು, ತಮ್ಮಲ್ಲೂ ಹಳೇ ದ್ರಾವಣದ ಬಾಟಲಿಗಳಿವೆ, ವಾಪಸು ಹೋದ ಮೇಲೆ ಅವನ್ನೊಮ್ಮೆ ನೋಡಬೇಕು ಎಂದರು.

ಚಹಾ ಆದ ಮೇಲೆ ತಿಳಿಸಿದರು. ದೀಪವನ್ನು ಗುರಿಯಿಂದ ತೆಗೆದುಹಾಕುವುದು, ಯೋಜನೆ ಇನ್ನೊಂದು ವರ್ಷ ಮುಂದುವರಿಯುವುದು, ಸಹಾಯಕರ ಹುದ್ದೆ ಹಾಗೆಯೇ ಇರುವುದು. ಒಂದು ವರ್ಷ ಬಹಳವೇನಲ್ಲ. ಹಾಲಹರವಿಯವರು ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದರು, ಕುಡಿಯುವುದು ಮರೆತಿತ್ತು.

ಹೊರಡುವಾಗ ಹಿರಿಯರು ತಗಡನ್ನು ಮುಂದೆ ಹಿಡಿದು, "ಮುಂದಿನ ವರ್ಷಕ್ಕೆ ಇದು ಬೇಕೇ?" ಎಂದು ಕೇಳಿದರು. ಇರಲಿ ಎನ್ನಲು ನಾನು ಬಾಯಿ ತೆರೆದಿದ್ದೆ. ಪ್ಲಾಟಿನಂ ಸುಲಭಕ್ಕೆ ಸಿಗುವ ವಸ್ತುವಲ್ಲ.

"ಬ್ಯಾಡ್ರಿ ಸಾರ್," ಎಂದರು ಹಾಲಹರವಿಯವರು. "ಒಯ್ಯಿರಿ."

ಜೀಪು ಹೋಯಿತು. ಹೆಡ್ ಅವರನ್ನು ಕಳಿಸಲು ಗೇಟಿನವರೆಗೆ ಹೋದರು. ನಾನು ಖಾಲಿ ಭರಣಿಯನ್ನು ಮನೆಗೆ ಒಯ್ಯಲು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಇನ್ನು ಅದಕ್ಕೆ ಕುಂಕುಮ ತುಂಬಬಹುದು, ಚೆನ್ನಾಗಿ ತೊಳೆದ ಮೇಲೆ. ಹಾಲಹರವಿಯವರು ಗಡಿಯಾರದ ಮುಂದೆ ನಿಂತಿದ್ದರು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ತೋಡು ಇಲ್ದನ ನಡದೈತಿ ನೋಡ್ರಿ, ಅಕ್ಕೋರ."

ಸಿಟ್ಟಿಲ್ಲದೆ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.